ಕೇತಕಿ ಆರಿಸಿದ ಬ್ಯಾಟು

ಬಹಳ ಕಾಲದ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದಾಗ, ಗರಿದುರ್ಗ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಕತ್ತಿ ಹಿಡಿದವರಿಗಿಂತ ಬ್ಯಾಟು ಹಿಡಿದವರಿಗೇ ಹೆಚ್ಚು ಮರ್ಯಾದೆ. ನಗಬೇಡಿ, ನೀವು ಬಯಲಲ್ಲಿ ಬಲೆ ಕಟ್ಟಿಕೊಂಡು, ಗರಿಚೆಂಡನ್ನು ಆಚೀಚೆ ಹೊಡೆದು ಆಡುತ್ತೀರಲ್ಲ, ಅದೇ ಆಟ.

ರಾಜನಿಗೆ ಇಬ್ಬರು ಮಕ್ಕಳು. ಮಗ ಶೂರಸೇನ ಹೊಡೆದನೆಂದರೆ ಸಿಡಿಲು ಬಡಿದ ಸದ್ದು. ಮಗಳು ಕೇತಕಿಯದು ಮೆತ್ತನೆಯ ಆಟ. ಬಲೆಯ ಹತ್ತಿರ ನಿಂತು, ಮಣಿಕಟ್ಟನ್ನು ತುಸುವೇ ತಿರುಗಿಸಿ, ಚೆಂಡನ್ನು ಆಚೆಗೆ ಇಳಿಸಿಬಿಡುತ್ತಿದ್ದಳು.

"ಅಣ್ಣನ ಹಾಗೆ ಹೊಡೆಯೋದು ಯಾವಾಗ ಕಲಿಯುತ್ತೀಯಮ್ಮ?" ಎಂದು ರಾಜ ದಿನವೂ ಕೇಳುತ್ತಿದ್ದ. ಅವಳಿಗೆ ದಿನವೂ ಬೇಸರವಾಗುತ್ತಿತ್ತು.

ಒಂದು ದಿನ ಕರಿಗಲ್ಲು ಬೆಟ್ಟದ ಮಾಂತ್ರಿಕ ಜಡೆಮಾಯ ಶೂರಸೇನನನ್ನು ಆಟಕ್ಕೆ ಕರೆದ, ಸೋಲಿಸಿದ, ಹಂಸವನ್ನಾಗಿ ಮಾಡಿ ಪಂಜರಕ್ಕೆ ಹಾಕಿದ. ಆ ಹಂಸದ ಗರಿ ಕಿತ್ತು ಚೆಂಡು ಮಾಡಿಕೊಂಡು ಆಡತೊಡಗಿದ. ಕೊನೆಯ ಗರಿ ಮುಗಿದರೆ ಹಂಸದ ಪ್ರಾಣವೂ ಹೋಗುತ್ತಿತ್ತು. ಈ ಸುದ್ದಿಯನ್ನು ಬೆಟ್ಟವೇ ಕೂಗಿ ಹೇಳಿತು. ಕೇಳಿದ ಗಳಿಗೆಯಲ್ಲೇ ಕೇತಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮಾಂತ್ರಿಕನ ಅರಮನೆಯ ಹೊರಗಿನ ಕೊಳದ ತುಂಬ ಹಂಸಗಳು, ಒಳಗೆ ಗೋಡೆಗಳ ತುಂಬ ಸೋತವರ ಬ್ಯಾಟುಗಳು ನೇತಾಡುತ್ತಿದ್ದವು. ಜಡೆಮಾಯ ತನ್ನ ಉದ್ದನೆಯ ಜಡೆಯನ್ನು ನೆಲದ ಮೇಲೆ ಎಳೆಯುತ್ತಾ ಬಂದ.

"ಮೂರು ಆಟ ಆಡೋಣ. ಪ್ರತಿ ಆಟಕ್ಕೂ ಇಲ್ಲಿಂದ ಒಂದು ಬ್ಯಾಟು ಆರಿಸಿಕೊ. ಒಂದು ಆಟ ಗೆದ್ದರೂ ಅಣ್ಣ ನಿನ್ನವನು. ಮೂರೂ ಸೋತರೆ ನೀನೂ ಹಂಸ."

ಕೇತಕಿ ಮೊದಲು ಅಣ್ಣನ ಚಿನ್ನದ ಬ್ಯಾಟನ್ನೇ ಎತ್ತಿಕೊಂಡಳು. ಅದರ ಭಾರವೆಲ್ಲ ತಲೆಯಲ್ಲಿತ್ತು. ಅವಳು ಬೀಸುವಷ್ಟರಲ್ಲಿ ಚೆಂಡು ದಾಟಿಹೋಗುತ್ತಿತ್ತು. ಒಮ್ಮೆ ಹೇಗೋ ಸರಿಯಾಗಿ ಬಡಿದಳು. ಚೆಂಡಿನ ಗರಿಯೊಂದು ಮುರಿಯಿತು, ಪಂಜರದಲ್ಲಿ ಹಂಸ ನೋವಿನಿಂದ ಚೀರಿತು. ಅವಳ ಕೈ ಅಲ್ಲೇ ಸೋತುಹೋಯಿತು. ಆಟವೂ ಹೋಯಿತು.

ಎರಡನೆಯ ಸಲ, ಜೇಡನ ನೂಲು ಬಿಗಿದ ಬೆಳ್ಳಿಯ ಬ್ಯಾಟು. ಕೈಯಲ್ಲಿದೆಯೋ ಇಲ್ಲವೋ ಅನ್ನುವಷ್ಟು ಹಗುರ. ಯಾವ ಚೆಂಡೂ ತಪ್ಪಲಿಲ್ಲ, ನಿಜ. ಆದರೆ ತಡೆದ ಚೆಂಡುಗಳೆಲ್ಲ ಅಳತೆ ಸಿಗದೆ ಮೇಲೆದ್ದು ಮಾಂತ್ರಿಕನ ಮುಂದೆಯೇ ಹೋಗಿ ನಿಲ್ಲುತ್ತಿದ್ದವು. ಅವನು ನಗುತ್ತಾ ಬಡಿದ, ಹಂಸ ಮತ್ತೆ ಚೀರಿತು. ಆ ಆಟವೂ ಹೋಯಿತು.

ಕೇತಕಿಗೆ ಅಳು ಬಂತು, ಅತ್ತಳು. ಆಮೇಲೆ ಮುಖ ಒರೆಸಿಕೊಂಡು ತನಗೆ ತಾನೇ ಹೇಳಿಕೊಂಡಳು: "ಮೊದಲನೆಯದನ್ನು ಅಣ್ಣನ ಮೇಲಿನ ಪ್ರೀತಿಗೆ ಹಿಡಿದೆ. ಎರಡನೆಯದನ್ನು ಮೊದಲನೆಯದರ ಭಯಕ್ಕೆ ಹಿಡಿದೆ. ನನ್ನ ಆಟಕ್ಕೆ ಏನು ಬೇಕು ಅಂತ ನಾನು ಕೇಳಲೇ ಇಲ್ಲವಲ್ಲ!"

ಅವಳು ಗೋಡೆಯ ಬ್ಯಾಟುಗಳನ್ನು ಒಂದೊಂದಾಗಿ ಇಳಿಸಿದಳು. ಬೆರಳ ಮೇಲೆ ಅಡ್ಡ ಇಟ್ಟು, ಯಾವ ಕಡೆ ವಾಲುತ್ತದೆಂದು ನೋಡಿದಳು. ಉಗುರಿನಿಂದ ತಂತಿ ಮೀಟಿ ಕಿವಿಗೊಟ್ಟಳು. ಗಾಳಿಯಲ್ಲಿ ಬೀಸಿ ನೋಡಿದಳು, ಮತ್ತೆ ತೂಗುಹಾಕಿದಳು. ಜಡೆಮಾಯನಿಗೆ ಆಕಳಿಕೆ ಬಂತು.

"ಏನಮ್ಮಾ, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೀಯಾ?"

"ಬದನೆಕಾಯಿಯನ್ನೇ ತಿರುಗಿಸಿ ನೋಡಿ ತರುತ್ತೇವೆ, ಮಾಂತ್ರಿಕರೆ. ಇದು ನನ್ನ ಅಣ್ಣನ ಪ್ರಾಣ."

ಕೊನೆಗೆ ಹಸಿರು ಬಣ್ಣದ ಒಂದು ಬ್ಯಾಟು ಬೆರಳ ಮೇಲೆ ಅತ್ತಿತ್ತ ವಾಲದೆ ನಿಂತಿತು. ಹಿಡಿ ಮಾತ್ರ ಕೊಂಚ ದಪ್ಪ. ಹಿಡಿಗೆ ಸುತ್ತಿದ್ದ ಬಟ್ಟೆಯನ್ನು ಅವಳು ಒಂದು ಸುತ್ತು ಬಿಚ್ಚಿ ಹಿಡಿದಳು. "ಅಂತೂ ಬಂದೆಯಾ! ಕಾದು ಕಾದು ಸಾಕಾಗಿತ್ತು," ಎಂದಿತು ಬ್ಯಾಟು.

ಈಗ ನೋಡಬೇಕಿತ್ತು ನೀವು! ಚೆಂಡು ಬಲೆಯ ಮೇಲಂಚನ್ನು ಸವರಿಕೊಂಡು ಆಚೆ ಇಳಿಯುತ್ತಿತ್ತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಜಡೆಮಾಯನಿಗೆ ಬಡಿಯುವುದೊಂದೇ ಗೊತ್ತು. ಬಡಿಯೋಣವೆಂದರೆ ಚೆಂಡು ಮೇಲೇಳುವುದೇ ಇಲ್ಲ. ಹಿಂದೆ ನಿಂತವನು ಮುಂದೆ ಓಡಿದ, ಬಗ್ಗಿದ, ತನ್ನ ಜಡೆಯನ್ನೇ ತುಳಿದು ಮುಗ್ಗರಿಸಿದ. ಕಡೆಯ ಚೆಂಡು ಅವನ ಮೂಗಿನ ಮುಂದೆ ಮೆಲ್ಲಗೆ ನೆಲ ಮುಟ್ಟಿತು. ಅದರ ಒಂದು ಗರಿಯೂ ಮುರಿದಿರಲಿಲ್ಲ.

ಮಾಂತ್ರಿಕ ಸೋತದ್ದೇ ತಡ, ಅವನ ಜಡೆ ಉದುರಿಬಿತ್ತು, ಜಡೆಯ ಜೊತೆ ಮಾಯೆಯೂ ಉದುರಿತು. ಹಂಸ ಮತ್ತೆ ಶೂರಸೇನನಾಯಿತು. ಹೊರಗಿನ ಕೊಳದ ಹಂಸಗಳೆಲ್ಲ ಆಟಗಾರರಾಗಿ ಎದ್ದುಬಂದು ಗೋಡೆಯಿಂದ ತಮ್ಮ ತಮ್ಮ ಬ್ಯಾಟು ಇಳಿಸಿಕೊಂಡರು. ಹಸಿರು ಬ್ಯಾಟಿನ ಒಡತಿಯೂ ಬಂದಳು. "ನಿನ್ನ ಕೈಯಲ್ಲೇ ಇರಲಿ ತಾಯಿ," ಎಂದು ಕೇತಕಿಯ ಕೆನ್ನೆ ಸವರಿದಳು.

ಕೋಟೆಯ ಬಾಗಿಲಲ್ಲಿ ರಾಜ ಮಕ್ಕಳಿಬ್ಬರನ್ನೂ ತಬ್ಬಿಕೊಂಡ. "ಅಂತೂ ಅಣ್ಣನ ಹಾಗೆ ಹೊಡೆದೆಯಾ, ಮಗಳೆ?"

ಕೇತಕಿ ತಲೆ ಎತ್ತಿ ಹೇಳಿದಳು: "ಇಲ್ಲಪ್ಪ. ನನ್ನ ಹಾಗೆ ಆಡಿದೆ."

ರಾಜ ಹೆಮ್ಮೆಯಿಂದ ಕಣ್ಣೊರೆಸಿಕೊಂಡ. ಆಮೇಲೆ ಅವನು ಆ ಹಳೆಯ ಪ್ರಶ್ನೆಯನ್ನು ಯಾವ ಮಗುವಿಗೂ ಕೇಳಲಿಲ್ಲ. ಗರಿದುರ್ಗದಲ್ಲಿ ಎಲ್ಲರೂ ಅವರವರ ಕೈಗೊಪ್ಪಿದ ಬ್ಯಾಟು ಹಿಡಿದು, ಅವರವರ ಆಟ ಆಡಿಕೊಂಡು, ನಗುನಗುತ್ತಾ ಬಾಳಿದರು. ಬೋಳುತಲೆಯ ಜಡೆಮಾಯನೂ ಸುಖವಾಗಿಯೇ ಇದ್ದ, ಅವರು ಹೊಡೆದ ಚೆಂಡುಗಳನ್ನು ಹೆಕ್ಕಿಕೊಡುತ್ತಾ.