ಆರನೆಯ ಕಪ್

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಸ್ವೀಡನ್ನಿನ ಒಬ್ಬ ಕಲಾವಿದ ಅರವತ್ತು ವರ್ಷದ ಹಿಂದೆ ನೀಲಿ ಎಲೆ ಬಿಡಿಸಿದ್ದ ಆರು ಪಿಂಗಾಣಿ ಕಪ್‌ಗಳ ಸೆಟ್ಟಿನಲ್ಲಿ ಐದು ನನ್ನ ಹತ್ತಿರ ಇದ್ದವು. ಆರನೆಯದು ಟೊರೆನ್ಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ರಿಡ್ ಆಂಟಿಯದು.

ಸಾಯುವ ಮುಂಚೆ ಅವರು ನನ್ನ ಕೈ ಹಿಡಿದು, "ಚಿತ್ರಾ, ಈ ಕಪ್ಪನ್ನ ನನ್ನ ಶವಪೆಟ್ಟಿಗೆಯಲ್ಲಿ ನೀನೇ ಇಡಬೇಕು" ಅಂದರು. ಹೂಂ ಅಂದೆ. ಸತ್ತವರಿಗೆ ಕಪ್ ಯಾಕೆ? ಅದನ್ನು ನಾನೇ ಇಟ್ಟುಕೊಂಡು, ನೋಡಲು ಅಂಥದ್ದೇ ಆದ ಒಂದು ಅಗ್ಗದ ಕಪ್ಪನ್ನು ಅವರ ಕೈಗಳ ನಡುವೆ ಇಟ್ಟು ಬಂದೆ.

ಅವತ್ತಿನಿಂದ ಆರನೆಯ ಕಪ್‌ಗೆ ಕುದಿಯುವ ಕಾಫಿ ಸುರಿದರೂ ಅದು ಮುಟ್ಟಿದರೆ ತಣ್ಣಗೇ ಇರುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹಸಿ ಮಣ್ಣಿನ ವಾಸನೆ ಹೋಗಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಕ್ಯಾಲಬಾಸಸ್ ದೇವಸ್ಥಾನದಿಂದ ಬಂದು ಗಾಜಿನ ಬೀರು ತೆಗೆದರೆ ಒಳಗೆ ಏಳು ಕಪ್ ಇದ್ದವು. ಏಳನೆಯದು ನಾನು ಪೆಟ್ಟಿಗೆಯಲ್ಲಿಟ್ಟಿದ್ದ ಅಗ್ಗದ ಕಪ್. ಅದರ ತಳದಲ್ಲಿ ಒದ್ದೆ ಮಣ್ಣಿತ್ತು.

ಹಾಗಾದರೆ ಆಂಟಿಯ ಕೈಯಲ್ಲಿ ಈಗ ಏನಿದೆ?

ಅದೇ ಬೀರುವಿನಲ್ಲಿದ್ದ, ಮಗಳು ನಿಕಿತಾಳ ನಾಮಕರಣದ ಬೆಳ್ಳಿ ಲೋಟ ಅಂದಿನಿಂದ ಕಾಣುತ್ತಿಲ್ಲ. ಇವತ್ತು ಬೆಳಿಗ್ಗೆ ನಿಕಿತಾ ಹಾಲಿನ ಗ್ಲಾಸು ಕೆಳಗಿಟ್ಟು ಮುಖ ಕಿವಿಚಿದಳು.

"ಅಮ್ಮಾ, ಇಟ್ ಟೇಸ್ಟ್ಸ್ ಲೈಕ್ ಮಡ್."