ಅನುಜಾಳ ಮದುವೆಯ ಚೀಲ

ಡಿಸೆಂಬರ್ ನಾಲ್ಕು, ಮಧ್ಯಾಹ್ನ 12.10. ಚಹಾ ಅಂಗಡಿಯ ಸಂಜಯ ಏದುಸಿರು ಬಿಡುತ್ತ ಬೆಳಗಾವಿಯ ಠಾಣೆಗೆ ಬಂದ. ತರಕಾರಿ ಮಾರುಕಟ್ಟೆಯಲ್ಲಿ, ಅವನ ಅಂಗಡಿಯೆದುರಿನ ಕಟ್ಟೆಯ ಕೆಳಗಿದ್ದ ಬಟ್ಟೆ ಚೀಲದೊಳಗಿಂದ ಗಂಟೆಯ ಸದ್ದು ಬಂದಿತ್ತು. ಯಾರೋ ‘ಬಾಂಬ್’ ಎಂದು ಕೂಗಿದರು. ನೂಕುನುಗ್ಗಲಿನಲ್ಲಿ ಕೊತ್ತಂಬರಿ ಮಾರುವ ಗೌರವ್ವ ಬಿದ್ದು ಬಲಗೈ ಮುರಿದುಕೊಂಡಳು.

12.50ಕ್ಕೆ ಬಾಂಬ್ ನಿಷ್ಕ್ರಿಯ ದಳ ಚೀಲ ಬಿಚ್ಚಿತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು: ಒಳಗಿದ್ದದ್ದು ಎರಡು ಇಟ್ಟಿಗೆ, ಒಂದು ಅಲಾರಾಂ ಗಡಿಯಾರ. ಇನ್ಸ್‌ಪೆಕ್ಟರ್ ಭರಮಪ್ಪ ಮಾತ್ರ ನಗಲಿಲ್ಲ. ಮುರಿದ ಕೈಗೆ ಗಡಿಯಾರವಾದರೇನು, ಬಾಂಬಾದರೇನು? ಎಫ್‌ಐಆರ್ ದಾಖಲಿಸಿ, ಪಂಚರ ಎದುರು ಪಂಚನಾಮೆ ಮುಗಿಸಿದರು.

“ಚೀಲ ಯಾವಾಗಿಂದ ಇತ್ತು?”

“ಮುಂಜಾನಿ ಒಂಬತ್ತಕ್ಕ ನೋಡೀನ್ರಿ,” ಎಂದ ಸಂಜಯ.

“ಮೂರು ತಾಸು ಸುಮ್ಮನಿದ್ದಿ?”

“ಯಾರದೋ ಇದ್ದೀತು ಅನ್ಕೊಂಡೆನ್ರಿ.”

ಚೀಲದ ಮೇಲೆ ‘ಶುಭವಿವಾಹ, ಅನುಜಾ – ಜಿನೇಶ, ಪಾರಿಶ್ವಾಡ’ ಎಂದು ಅಚ್ಚಾಗಿತ್ತು. ಕೆಳಗೆ ಎಂಟು ವರ್ಷ ಹಿಂದಿನ ತಾರೀಖು, ಮಹಾಂತೇಶ ನಗರದ ವರನ ವಿಳಾಸ. ಮದುವೆಯಲ್ಲಿ ಉಂಡವರಿಗೆಲ್ಲ ಕಾಯಿ, ಎಲೆಅಡಿಕೆ ಹಾಕಿ ಇಂಥ ಚೀಲ ಕೊಡುತ್ತಾರೆ. ಬಂದವರ ಪಟ್ಟಿ ಸಿಕ್ಕರೆ ಆರೋಪಿಯೂ ಸಿಗುತ್ತಾನೆ ಎಂದುಕೊಂಡರು ಭರಮಪ್ಪ.

“ಇಡೀ ಬೀಗರ ಬಳಗಾನ ಹುಡುಕೂಣು ಬಿಡ್ರಿ, ಸಾಹೇಬ್ರ,” ಎಂದು ಹೆಡ್ ಕಾನ್‌ಸ್ಟೆಬಲ್ ಬೀರೇಶ ಗೊಣಗಿದ.

ಮರುದಿನ 10.15, ಮಹಾಂತೇಶ ನಗರ. ಚೀಲದ ಫೋಟೋ ನೋಡಿ ಜಿನೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ನಿಮ್ಮ ಮದುವಿಗಿ ಯಾರ್ಯಾರು ಬಂದಿದ್ರು?”

“ಯಾರೂ ಬರಲಿಲ್ರಿ. ಆ ಮದುವಿನ ಆಗಲಿಲ್ಲ.”

ಮದುವೆಗೆ ಹನ್ನೆರಡು ದಿನವಿರುವಾಗ ಅನುಜಾ ಸೀರೆ ತರಲು ದೂರದ ನಗರಕ್ಕೆ ಹೋಗಿದ್ದಳು. ಅಲ್ಲಿಯ ಮಾರುಕಟ್ಟೆಯಲ್ಲಿ ಉಗ್ರರು ಬಿಟ್ಟುಹೋದ ಚೀಲವೊಂದು ಸ್ಫೋಟಿಸಿತು. ಸತ್ತ ಒಂಬತ್ತು ಜನರಲ್ಲಿ ಅವಳೂ ಒಬ್ಬಳು. ಅದೂ ಡಿಸೆಂಬರ್ ನಾಲ್ಕೇ.

ಭರಮಪ್ಪನವರಿಗೆ ತಮ್ಮ ಲೆಕ್ಕ ತಪ್ಪಿದ್ದು ತಿಳಿಯಿತು. ಯಾರಿಗೂ ಹಂಚದೇ ಉಳಿದ ಚೀಲಗಳು ಮದುವೆ ಮಾಡಿಕೊಡಬೇಕಿದ್ದ ಹೆಣ್ಣಿನ ಮನೆಯಲ್ಲೇ ಇರಬೇಕು.

“ಅವರ ಮನಿ ತೋರಸ್ತೀರೇನು?”

ಜಿನೇಶ ಹಿಂತಿರುಗಿ ನೋಡಿದ. ಮಗುವನ್ನು ಎತ್ತಿಕೊಂಡಿದ್ದ ಅವನ ಹೆಂಡತಿ, “ಹೋಗಿ ಬರ್ರಿ,” ಎಂದಳು.

12.30ಕ್ಕೆ ಖಾನಾಪುರ ತಾಲ್ಲೂಕಿನ ಪಾರಿಶ್ವಾಡ ತಲುಪಿದರು. ಅನುಜಾಳ ತಂದೆ ಶ್ರೀಪಾಲ ಜೀಪು ಕಂಡೊಡನೆ ಅಂಗಿ ತೊಟ್ಟು ಹೊರಗೆ ಬಂದರು. ಎಪ್ಪತ್ತರ ಮುದುಕ, ಹೆಂಡತಿಯೂ ತೀರಿಕೊಂಡಿದ್ದಳು.

“ಚೀಲ ನಿಮ್ಮದೇನ್ರಿ, ಕಾಕಾ?”

“ನಂದ.”

“ಯಾಕ ಇಟ್ರಿ?”

“ಪ್ರತಿ ವರ್ಷ ಆಕಿ ಹೋದ ದಿನ ಇಡತೀನ್ರಿ, ಇಟ್ಟಂಗಿ ತುಂಬಿ. ಎದುರಿಗೆ ಕುಂತು ನೋಡತೀನಿ. ಮೊದಲನೇ ವರ್ಷ ಹತ್ತು ಮಿನಿಟಿನ್ಯಾಗ ಒಬ್ಬಾಕಿ ‘ಯಾರದರೀ ಈ ಚೀಲ?’ ಅಂತ ಕೇಳಿದ್ಲು. ನಂದವ್ವಾ ಅಂದು ಎತ್ಕೊಂಡು ಬಂದೆ. ಅವತ್ತ ಹೊಟ್ಟಿ ತುಂಬ ಉಂಡೆ. ಮುಂದಿನ ವರ್ಷ ಅರ್ಧ ತಾಸಾತು. ಹೋದ ವರ್ಷ ಎರಡೂವರಿ ತಾಸು.”

“ಗಡಿಯಾರ ಯಾಕ?”

“ಮಂದಿ ಮರತಾರಂತ ಅನಿಸ್ತು. ಹನ್ನೆರಡರ ತನಕ ಯಾರೂ ಕೇಳದಿದ್ರ ಅದಾದ್ರೂ ಒದರಲಿ ಅಂತ ಇಟ್ಟೆ. ಒಬ್ಬಾಂವ ಚೀಲದ ಬಾಜೂಕ ಕುಂತು ಚಾ ಕುಡದ್ರಿ, ಸಾಹೇಬ್ರ. ಒಬ್ಬಾಕಿ ಕಾಲಿಲೆ ಸರಿಸಿದ್ಲು. ಯಾರೂ ಕೇಳಲಿಲ್ಲ. ಅಲ್ಲಿ ಅವತ್ತ ಒಬ್ಬರಾದ್ರೂ ಕೇಳಿದ್ರ ನನ್ನ ಮಗಳು ಮನಿಗಿ ಬರತಿದ್ಲು.”

ಭರಮಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಆದರೂ ಹೇಳಲೇಬೇಕಿತ್ತು. “ಕೊತ್ತಂಬರಿ ಮಾರಾಕಿ ಕೈ ಮುರದೈತಿ, ಕಾಕಾ.”

“ಬಿದ್ದದ್ದು ನೋಡೀನ್ರಿ. ಎಬ್ಬಸೂದು ಬಿಟ್ಟು ಹೆದರಿ ಬಸ್ ಹತ್ತಿದೆ. ಅದಕ್ಕ ನನಗ ಶಿಕ್ಷಾ ಆಗಬೇಕು. ನಡೀರಿ.”

ಮನೆಯೊಳಗಿಂದ ಚೀಲಗಳ ಕಟ್ಟನ್ನು ಜಪ್ತಿ ಮಾಡಲಾಯಿತು. 1.20ಕ್ಕೆ ಭರಮಪ್ಪ ಜೀಪಿನ ಬಾನೆಟ್ಟಿನ ಮೇಲೆ ಬಂಧನದ ಹಾಳೆ ಹರಡಿ ಒಂದೊಂದೇ ಕಾಲಂ ತುಂಬಿದರು.

“ಬಂಧನದ ಸುದ್ದಿ ಯಾರಿಗೆ ತಿಳಸಬೇಕು? ಸಂಬಂಧಿಕರು?”

ಶ್ರೀಪಾಲ ನೆಲ ನೋಡಿದರು. “ಯಾರೂ ಇಲ್ರಿ.”

ಅಷ್ಟೊತ್ತೂ ದೂರ ನಿಂತಿದ್ದ ಜಿನೇಶ ಹತ್ತಿರ ಬಂದು ಪೆನ್ನಿಗೆ ಕೈ ಚಾಚಿದ. ತನ್ನ ಹೆಸರು, ಫೋನ್ ನಂಬರು ಬರೆದ. ‘ಸಂಬಂಧ’ ಎಂಬ ಕಾಲಮಿನೆದುರು ಕ್ಷಣ ತಡೆದು ‘ಅಳಿಯ’ ಎಂದು ಬರೆದ.

ಭರಮಪ್ಪ ಅದನ್ನು ಓದಿ, ಏನೂ ಕೇಳದೆ ಕೆಳಗೆ ಸಹಿ ಹಾಕಿದರು.