ಮೂವತ್ತೇಳನೆಯ ಪಟ

ಬಹಳ ಹಿಂದೆ, ಒಂದು ಫಿಲ್ಮ್ ರೋಲಿನಲ್ಲಿ ಮೂವತ್ತಾರೇ ಫೋಟೋ ಬರುತ್ತಿದ್ದ ಕಾಲದಲ್ಲಿ, ಬಿಂಬಗಿರಿ ಎಂಬ ರಾಜ್ಯವಿತ್ತು. ರಾಜ್ಯ ಎಂದಕೂಡಲೇ ಕೋಟೆ ಕೊತ್ತಲ, ಆನೆ ಕುದುರೆ ಎಂದುಕೊಳ್ಳಬೇಡಿ. ಅರಮನೆಯೂ ಸೇರಿ ಅಲ್ಲಿದ್ದದ್ದು ಮೂವತ್ತಾರು ಮನೆ. ಮೂವತ್ತೇಳನೆಯದು ಪಟದ ಸೂರಪ್ಪನ ಮನೆ. ಫೋಟೋಗೆ ಅಲ್ಲಿಯವರೆಲ್ಲ ಪಟ ಎನ್ನುತ್ತಿದ್ದರು. ಪಟ ತೆಗೆಯುವವನಾದ್ದರಿಂದ ಅವನು ಪಟದ ಸೂರಪ್ಪ. ಅವನ ಮನೆಯನ್ನು ಯಾರೂ ಎಣಿಕೆಗೆ ಹಿಡಿಯುತ್ತಿರಲಿಲ್ಲ, ಅವನೂ ಹಿಡಿಯುತ್ತಿರಲಿಲ್ಲ.

ಏಳು ಬೆಟ್ಟದಾಚೆಯಿಂದ ವರ್ಷಕ್ಕೊಂದು ರೋಲು ಬರುತ್ತಿತ್ತು. ಯುಗಾದಿಯ ಬೆಳಿಗ್ಗೆ ಸೂರಪ್ಪ ಅದನ್ನು ಕ್ಯಾಮೆರಾಕ್ಕೆ ಹಾಕಿ ಮನೆಮನೆಗೆ ಹೋಗುತ್ತಿದ್ದ. ಮನೆಗೊಂದು ಪಟ. ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳು, ಮುಂಡಾಸು ಸರಿಮಾಡಿಕೊಳ್ಳುವ ಯಜಮಾನರು, ಪಟ ಬೇಡವೆನ್ನುತ್ತಲೇ ಹೊಸ ಸೀರೆ ಉಟ್ಟು ಬರುವ ಅಜ್ಜಿಯರು, ಎಲ್ಲರಿಗೂ ಅವನದು ಒಂದೇ ಮಾತು. "ಸ್ವಲ್ಪ ಗಲ್ಲ ಕೆಳಗೆ. ಹಾಂ, ಹಾಗೇ. ಅಲುಗಬೇಡಿ."

ಸೂರಪ್ಪನ ಹಿಂದೆ ಚೀಲ ಹೊತ್ತು ನಡೆಯುತ್ತಿದ್ದವಳು ಅವನ ಮಗಳು ದೇವೀರಿ. ತಾಯಿಯಿಲ್ಲದ ಮಗಳಿಗೆ ಅಪ್ಪನೇ ಕೆಲಸ ಕಲಿಸಿದ್ದ. "ನೋಡು ಮಗಾ, ರೋಲು ಹಾಕುವಾಗ ತುದಿಯನ್ನ ಅಳೆದೂ ಸುರಿದೂ ಎಳೀಬೇಕು. ಕೈ ಬಿಗಿ ಇದ್ದರೆ ಮೂವತ್ತೇಳನೆಯದೊಂದು ಸಿಗ್ತದೆ."

"ಅದು ನಮಗಾ ಅಪ್ಪ?"

"ಅದು ಕಣ್ಣು ಮುಚ್ಚಿದವರಿಗೆ," ಎನ್ನುತ್ತಿದ್ದ ಸೂರಪ್ಪ. ಪ್ರತಿ ವರ್ಷ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಿದ್ದರು. ಅವರಿಗೇ ಆ ಮೂವತ್ತೇಳನೆಯದು ಹೋಗುತ್ತಿತ್ತು. ಇನ್ನೊಂದು ಗುಟ್ಟನ್ನೂ ಅವನು ಹೇಳಿಕೊಟ್ಟಿದ್ದ. "ನಮ್ಮ ಕೈಲೇ ತಪ್ಪಾಗಿ ಪಟ ಕೆಟ್ಟಿತು ಅನ್ನು. ಆಗಲೂ ನೀವು ಕಣ್ಣು ಮುಚ್ಚಿದಿರಿ ಅಂತಲೇ ಅನ್ನಬೇಕು. ಮುಚ್ಚಲಿಲ್ಲ ಅಂತ ಆಣೆ ಹಾಕುವವರು ಈವರೆಗೆ ಹುಟ್ಟಿಲ್ಲ."

ಹೀಗೆ ಮೂವತ್ತಾರು ಮನೆಗಳ ಗೋಡೆ ತುಂಬ ಪಟಗಳಾದವು. ಸೂರಪ್ಪನ ಗೋಡೆಯ ಮೇಲೆ ಸುಣ್ಣ ಮಾತ್ರ ಇತ್ತು.

ಒಂದು ಯುಗಾದಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ಕಾವಳನೆಂಬ ಮಾಂತ್ರಿಕ ಬೆಟ್ಟದ ಮೇಲೆ ಬಂದು ಕೂತ. ಅವನಿಗೆ ಸ್ವಂತ ಮುಖವಿರಲಿಲ್ಲ. ಮಂಜನ್ನು ಕೆಳಗೆ ಬಿಟ್ಟು ಜನರ ಮುಖ ಕದಿಯುವುದೇ ಅವನ ಕೆಲಸ. ಬೆಳಿಗ್ಗೆ ಎದ್ದರೆ ಯಾರಿಗೂ ಮುಖವೇ ಇಲ್ಲ. ಆದರೆ ಬಿಂಬಗಿರಿಯವರು ಗೋಡೆಯ ಪಟದ ಮುಂದೆ ನಿಂತರೆ ಪಟದಲ್ಲಿದ್ದ ಮೂಗು, ಬಾಯಿ, ಹುಬ್ಬು ಮತ್ತೆ ಬಂದು ಸೇರಿಕೊಳ್ಳುತ್ತಿದ್ದವು. ಹಳೆಯ ಪಟದ ಮುಂದೆ ನಿಂತ ಕೆಲವರಿಗೆ ಹತ್ತು ವರ್ಷ ಚಿಕ್ಕ ಮುಖ ಸಿಕ್ಕಿತು, ಅವರೇನೂ ದೂರು ಹೇಳಲಿಲ್ಲ. ಅಪ್ಪನ ಚೀಲ ಹಿಡಿದು ಹೋದಾಗ ಒಮ್ಮೆ ಅರಮನೆಯ ಪಟದ ಅಂಚಿನಲ್ಲಿ ಸಿಕ್ಕಿಬಿದ್ದಿದ್ದ ದೇವೀರಿಗೂ ಮುಖ ಬಂತು. ಬಾರದೆ ಹೋದದ್ದು ಒಬ್ಬನಿಗೆ. ಊರಿಗೆಲ್ಲ ಪಟ ತೆಗೆದ ಸೂರಪ್ಪನದೇ ಒಂದು ಪಟ ಎಲ್ಲೂ ಇರಲಿಲ್ಲ.

ಅವನು ಬಾಯಿಲ್ಲದೆ, ಕಣ್ಣಿಲ್ಲದೆ ಜಗಲಿಯ ಮೇಲೆ ಕೂತ. ದೇವೀರಿ ಕೈ ಹಿಡಿದರೆ ಹಿಡಿದುಕೊಳ್ಳುತ್ತಿದ್ದ, ಅಷ್ಟೇ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅಪ್ಪನ ಮುಖ ಹೇಗಿತ್ತೆಂದು ಅವಳಿಗೇ ದಿನದಿಂದ ದಿನಕ್ಕೆ ಮರೆಯುತ್ತಿತ್ತು.

ಅವಳು ಅಳುತ್ತಾ ರಾಜನ ತಾಯಿ ಅಮ್ಮಣ್ಣಿಯ ಹತ್ತಿರ ಹೋದಳು. ಅಮ್ಮಣ್ಣಿ ನೂರು ವರ್ಷದ ಹಿರಿಯಳು, ಮಂಜಿನ ಗುಣ ಬಲ್ಲವಳು.

"ಅಳಬೇಡ ಮಗಳೆ," ಎಂದಳು ಅಮ್ಮಣ್ಣಿ. "ಕಾವಳನಿಗೆ ಅಂಚು ಅನ್ನೋದಿಲ್ಲ. ಅದಕ್ಕೇ ಅವನು ಯಾರ ಕೈಗೂ ಸಿಗೋದಿಲ್ಲ. ಅವನನ್ನ ಅಲುಗದ ಹಾಗೆ ನಿಲ್ಲಿಸಿ ಒಂದು ಪಟ ತೆಗೆದುಬಿಟ್ಟರೆ ಆ ಚೌಕದೊಳಗೇ ಸಿಕ್ಕಿಕೊಳ್ತಾನೆ. ಕದ್ದ ಮುಖಾನೂ ಬಿಟ್ಟುಕೊಡ್ತಾನೆ."

"ಅಮ್ಮಣ್ಣಿ, ಅಪ್ಪನ ಕ್ಯಾಮೆರಾಕ್ಕೆ ಈ ಮಂಜಿನಲ್ಲಿ ಬೂಷ್ಟು ಹಿಡಿದುಬಿಟ್ಟಿದೆ."

"ಹಾಗಾದರೆ ಹೊಸದು ಹುಡುಕಬೇಕು. ಬೆಟ್ಟದ ದಾರೀಲಿ ಆಮೆ ಇದೆ, ಗರುಡ ಇದೆ, ಕೊಕ್ಕರೆ ಇದೆ. ಒಂದೊಂದರ ಹತ್ತಿರ ಒಂದೊಂದೇ ಕೇಳು. ಬೇಗ ಹೋಗು. ಮೇಲೆ ಹತ್ತಿದಷ್ಟೂ ಮರೆವು ಜಾಸ್ತಿ."

ಸೂರಪ್ಪ ತಡಕಾಡಿ ಆ ವರ್ಷದ ರೋಲಿನ ಡಬ್ಬಿಯನ್ನು ಮಗಳ ಕೈಗಿಟ್ಟ. ಹೆಗಲಿಗೆ ತನ್ನ ಕರಿ ಕಂಬಳಿ ಹೊದಿಸಿದ. ದೇವೀರಿ ಹೊರಟಳು.

ಮೊದಲ ತಿರುವಿನಲ್ಲಿ ಮನೆಯಷ್ಟು ದೊಡ್ಡ ಆಮೆ ಮಲಗಿತ್ತು. ಅದರ ಚಿಪ್ಪಿನ ಕೆಳಗೆ ಸಾಲು ಸಾಲು ಕ್ಯಾಮೆರಾಗಳು. "ಒಂದು ತಗೊ, ಒಂದೇ ತಗೊ," ಎಂದಿತು ಆಮೆ. ಒಂದು ಕ್ಯಾಮೆರಾ ಬಂಗಾರದ್ದು. ಅದು ತಾನೇ ಬೆಳಕು ಅಳೆಯುತ್ತಿತ್ತು, ತಾನೇ ರೋಲು ಎಳೆಯುತ್ತಿತ್ತು, "ನಮಸ್ಕಾರ ದೇವೀರಿ" ಎಂದು ಮಾತೂ ಆಡಿತು. ಅವಳು ಅದರ ತಳ ತಿರುವಿ ನೋಡಿದಳು. ಸೆಲ್ಲು ಹಾಕುವ ಮುಚ್ಚಳವಿತ್ತು. ಬೆಟ್ಟದ ಚಳಿಗೆ ಸೆಲ್ಲು ಸತ್ತರೆ ಬಂಗಾರವನ್ನು ನೆಕ್ಕಲೇ ಎಂದುಕೊಂಡು ಕೆಳಗಿಟ್ಟಳು. ಮೂಲೆಯಲ್ಲಿ ಮೂತಿ ನಜ್ಜಿದ ಒಂದು ಕರಿ ಕ್ಯಾಮೆರಾ ಇತ್ತು. ಅವಳು ಹಿಂಬದಿ ತೆರೆದು, ಬೆಳಕಿಗೆ ಹಿಡಿದು, ಗುಂಡಿ ಒತ್ತಿ ಕಿವಿಗೊಟ್ಟಳು. ಕ್ಲಿಕ್. ಮತ್ತೆ ಒತ್ತಿದಳು. ಕ್ಲಿಕ್. ಹತ್ತು ಸಲವೂ ಅದೇ ಸದ್ದು.

"ಇದಕ್ಕೆ ಸೆಲ್ಲೂ ಬೇಡ, ಏನೂ ಬೇಡ. ಇದನ್ನೇ ಕೊಡು ಆಮೆಯಣ್ಣ."

"ನೂರು ವರ್ಷದಲ್ಲಿ ಹಿಂಬದಿ ತೆರೆದು ನೋಡಿದವಳು ನೀನೊಬ್ಬಳೇ," ಎಂದಿತು ಆಮೆ. ಅಷ್ಟರಲ್ಲಿ ಅವಳಿಗೆ ಅಪ್ಪನ ಮೂಗು ಮರೆತುಹೋಗಿತ್ತು.

ಎರಡನೆಯ ತಿರುವಿನಲ್ಲಿ ಬಂಡೆಯ ಮೇಲೆ ಗರುಡ ಕೂತಿತ್ತು. ಅದರ ಗೂಡಿನ ತುಂಬ ಲೆನ್ಸುಗಳು. "ಒಂದು ತಗೊ, ಒಂದೇ ತಗೊ," ಎಂದು, ತಾನೇ ಮೊಳದುದ್ದದ ಒಂದು ಲೆನ್ಸನ್ನು ಮುಂದೆ ತಳ್ಳಿತು. "ಇದನ್ನ ಹಾಕು. ಕಾವಳನ ಹತ್ತಿರ ಹೋಗೋದೇ ಬೇಡ. ಇಲ್ಲಿಂದಲೇ ಅವನ ರೆಪ್ಪೆ ಎಣಿಸಬಹುದು."

ದೇವೀರಿಗೆ ಆಸೆಯಾಯಿತು. ಅವಳಿಗೇನು, ಹೆದರಿಕೆ ಇರಲಿಲ್ಲವೇ? ಆದರೂ ಲೆನ್ಸನ್ನು ಕಣ್ಣಿಗಿಟ್ಟು ನೋಡಿದಳು. ಬರೀ ಬಿಳುಪು.

"ಗರುಡಣ್ಣ, ದೂರದಿಂದ ತೆಗೆದರೆ ಮಧ್ಯದ ಮಂಜೆಲ್ಲ ಪಟದೊಳಗೇ ಬರ್ತದೆ. ಮಂಜಿನಲ್ಲಿ ಹತ್ತಿರಾನೇ ಹೋಗಬೇಕು." ಅವಳು ಗೂಡಿನ ತಳದಲ್ಲಿದ್ದ ಗಿಡ್ಡನೆಯ ಐವತ್ತರ ಲೆನ್ಸನ್ನು ಆರಿಸಿದಳು. ಎರಡು ಮಾರು ದೂರದಲ್ಲಿ ನಿಂತು, ಎದುರಿನವರ ಉಸಿರು ಕೇಳಿಸಿಕೊಳ್ಳುತ್ತಾ ಪಟ ತೆಗೆಯುವ ಲೆನ್ಸು ಅದು. ಅಪ್ಪ ಜನ್ಮವೆಲ್ಲ ಬಳಸಿದ್ದೂ ಅಂಥದನ್ನೇ. ಗರುಡ ತಲೆ ಬಾಗಿಸಿತು. ಅಷ್ಟರಲ್ಲಿ ಅವಳಿಗೆ ಅಪ್ಪನ ಹುಬ್ಬು, ಹಣೆ ಮರೆತುಹೋಗಿದ್ದವು.

ಮೂರನೆಯ ತಿರುವಿನಲ್ಲಿ ಕೆರೆ. ಕೆರೆಯಲ್ಲಿ ಮೂರು ಕಾಲಿನ ಕೊಕ್ಕರೆ. ಅದರ ಸುತ್ತ ಹೊಳೆಯುವ ಸಾಮಾನುಗಳು. "ಒಂದು ತಗೊ, ಒಂದೇ ತಗೊ," ಎಂದಿತು ಕೊಕ್ಕರೆ. "ಈ ಫ್ಲ್ಯಾಶ್ ನೋಡು, ಸಿಡಿಲಿನಷ್ಟು ಬೆಳಕು. ಈ ಬಣ್ಣದ ಗಾಜು ನೋಡು."

"ಮಂಜಿಗೆ ಫ್ಲ್ಯಾಶ್ ಹೊಡೆದರೆ ಬೆಳಕು ನಮ್ಮ ಕಣ್ಣಿಗೇ ವಾಪಸು ಬರ್ತದೆ ಕೊಕ್ಕರೆಯಮ್ಮ," ಎಂದಳು ದೇವೀರಿ. ಅಂಗೈ ಚಾಚಿ, ಅದರ ಮೇಲೆ ಬಿದ್ದ ಬೆಳಕು ನೋಡಿ ಲೆಕ್ಕ ಹಾಕಿದಳು. ಮೇಲಿನ ಗವಿಯ ಹತ್ತಿರ ಇನ್ನೂ ಮಬ್ಬು. ಪೂರಾ ಒಂದು ಸೆಕೆಂಡು ಬೆಳಕು ಬಿಡಬೇಕು. ಕೈಯಲ್ಲಿ ಹಿಡಿದರೆ ಕ್ಯಾಮೆರಾ ಅಲುಗುವುದು ಖಂಡಿತ. ಬೇಕಾದದ್ದು ಸ್ಟ್ಯಾಂಡು. ಅದು ಮಾತ್ರ ಅಲ್ಲಿರಲಿಲ್ಲ. ಅವಳು ಕೊಕ್ಕರೆಯ ಮೂರು ಕಾಲನ್ನೇ ನೋಡಿದಳು. "ನೀನು ಎಷ್ಟು ಹೊತ್ತು ಅಲುಗದೆ ನಿಲ್ತೀಯಮ್ಮ?"

"ಮೀನು ಬರುವವರೆಗೂ ನಿಲ್ತೀನಿ. ಬೆಳಗಿನಿಂದ ಸಂಜೆವರೆಗೂ ನಿಂತದ್ದುಂಟು."

"ಹಾಗಾದರೆ ನೀನೇ ಬಾ."

ಇದುವರೆಗೆ ಯಾರೂ ಕೊಕ್ಕರೆಯನ್ನೇ ಕೇಳಿರಲಿಲ್ಲ. ಅದು ನಾಚಿಕೊಂಡು ಕೆರೆಯಿಂದ ಎದ್ದು ಬಂತು. ದೇವೀರಿ ಕಂಬಳಿಯ ಮರೆಯಲ್ಲಿ ರೋಲು ಹಾಕಿದಳು. ಬೆರಳು ಚಳಿಗೆ ಮರಗಟ್ಟಿದ್ದವು, ಮನಸ್ಸು ಮುಂದಕ್ಕೆ ಓಡುತ್ತಿತ್ತು. ಹಿಂಬದಿ ಮುಚ್ಚಿ ಎದ್ದುಬಿಟ್ಟಳು. ಅಷ್ಟರಲ್ಲಿ ಅಪ್ಪನ ಮುಖ ಅವಳಿಗೆ ಪೂರ್ತಿ ಮರೆತುಹೋಗಿತ್ತು. ಧ್ವನಿ ಒಂದು ಉಳಿದಿತ್ತು.

ಗವಿಯ ಬಾಗಿಲಲ್ಲಿ ಕಾವಳ ನಿಂತಿದ್ದ. ಮಂಜಿನ ಮೈ, ಅದರ ಮೇಲೊಂದು ಮುಖ. ಯಾರದೋ ಮುಖ, ದೇವೀರಿಗೆ ಗುರುತಾಗಲಿಲ್ಲ.

"ಬಾ ಹುಡುಗಿ. ನಿನ್ನ ಮುಖ ತೆಗೆದಿಟ್ಟು ಹೋಗು," ಎಂದ ಕಾವಳ.

"ಆಗಲಿ ಸ್ವಾಮಿ. ಅದಕ್ಕೆ ಮುಂಚೆ ನಿಮ್ಮದೊಂದು ಪಟ ತೆಗೀತೀನಿ. ಇಷ್ಟು ಒಳ್ಳೆ ಮುಖ ಇಟ್ಟುಕೊಂಡು ಒಂದು ಪಟಾನೂ ತೆಗೆಸಿಲ್ಲವಲ್ಲ ನೀವು."

ಕಾವಳ ಯೋಚಿಸಿದ. ಲೋಕದಲ್ಲಿ ಎಲ್ಲರಿಗೂ ಪಟವಿತ್ತು, ಅವನಿಗಿರಲಿಲ್ಲ. "ನಿಲ್ಲಬೇಕಾ, ಕೂರಬೇಕಾ?" ಎಂದು ಕೇಳಿದ.

ಕೊಕ್ಕರೆ ಮೂರು ಕಾಲೂರಿ ನಿಂತಿತು. ಅದರ ಬೆನ್ನ ಮೇಲೆ ಕ್ಯಾಮೆರಾ ಇಟ್ಟು ದೇವೀರಿ ಕಣ್ಣು ಹಚ್ಚಿದಳು. ಫೋಕಸ್ ಇನ್ನೂ ಕೂಡದೆ ಗಾಜಿನಲ್ಲಿ ಆ ಮುಖ ಎರಡು ಹೋಳಾಗಿ ಕಂಡಿತು. ಲೆನ್ಸಿನ ಬಳೆಯನ್ನು ಮೆಲ್ಲಗೆ ತಿರುಗಿಸಿದಳು. ಹೋಳುಗಳು ಸರಿದು ಸರಿದು ಒಂದಾದವು. ಅದು ಅಪ್ಪನ ಮುಖ. ಎಡಗೆನ್ನೆಯ ಮಚ್ಚೆ, ಮೊಂಡು ಮೂಗು, ಜೀವಮಾನವೆಲ್ಲ ಒಂದು ಕಣ್ಣು ಕಿರಿದು ಮಾಡಿ ಕಣ್ಣಂಚಿಗೆ ಬಿದ್ದ ಗೆರೆ, ಎಲ್ಲವೂ ಅಲ್ಲಿದ್ದವು. ಅವಳಿಗೆ ಅಳು ಒತ್ತರಿಸಿ ಬಂತು. ಅತ್ತರೆ ಗಾಜು ಮಸುಕಾಗುತ್ತದೆಂದು ತಡೆದುಕೊಂಡಳು.

"ಸ್ವಲ್ಪ ಗಲ್ಲ ಕೆಳಗೆ," ಎಂದಳು.

ಕಾವಳ ಗಲ್ಲ ಕೆಳಗಿಳಿಸಿದ. ಈ ಮಾತು ಕೇಳಿ ಇಳಿಸದವರು ಯಾರಿದ್ದಾರೆ? ರಾಜನೂ ಇಳಿಸುತ್ತಾನೆ, ರಾಕ್ಷಸನೂ ಇಳಿಸುತ್ತಾನೆ.

"ಹಾಂ, ಹಾಗೇ. ಅಲುಗಬೇಡಿ." ಗುಂಡಿ ಒತ್ತಿದಳು. ಒಂದು ಸೆಕೆಂಡು ಕಳೆಯಿತು. ಕಾವಳ ಹಾಗೇ ನಿಂತಿದ್ದ, ಏನೂ ಆಗಲಿಲ್ಲ. ಅವಳು ರೋಲು ಮುಂದಕ್ಕೆ ಎಳೆದಳು. ರೋಲಿನ ಜೊತೆಗೇ ತಿರುಗಬೇಕಾದ ಎಡಗಡೆಯ ತಿರುಗುಗುಂಡಿ ತಿರುಗುತ್ತಿರಲಿಲ್ಲ. ರೋಲಿನ ತುದಿ ಸರಿಯಾಗಿ ಕಚ್ಚಿಕೊಂಡೇ ಇರಲಿಲ್ಲ, ಪಟ ಬಿದ್ದೇ ಇರಲಿಲ್ಲ. ಅಪ್ಪ ನೂರು ಸಲ ಹೇಳಿದ್ದ, ಮುಚ್ಚಿದ ಮೇಲೆ ಗುಂಡಿ ತಿರುಗುತ್ತದೆಯೇ ನೋಡು ಎಂದು.

"ಮುಗೀತಾ?" ಎಂದ ಕಾವಳ, ಮುಂದಕ್ಕೆ ಹೆಜ್ಜೆಯಿಟ್ಟು.

"ಇಲ್ಲ ಸ್ವಾಮಿ. ನೀವು ಕಣ್ಣು ಮುಚ್ಚಿದಿರಿ."

"ನಾನಾ? ಮುಚ್ಚಲಿಲ್ಲವಲ್ಲ."

"ಎಲ್ಲರೂ ಹಾಗೇ ಅಂತಾರೆ."

"ಮುಚ್ಚಿದೆನೇನೋ," ಎಂದ ಕಾವಳ, ಸಂಕೋಚದಿಂದ. "ಇನ್ನೊಂದು ತೆಗಿ ಹಾಗಾದರೆ." ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.

ದೇವೀರಿ ಕಂಬಳಿಯೊಳಗೆ ಕೂತು ತುದಿಯನ್ನು ಮತ್ತೆ ಸಿಕ್ಕಿಸಿದಳು. ಹಿಂಬದಿ ಮುಚ್ಚಿ ಎಳೆದಳು. ಗುಂಡಿ ತಿರುಗಿತು. ಇನ್ನೊಮ್ಮೆ ಎಳೆದು, ಇನ್ನೊಮ್ಮೆ ನೋಡಿದಳು. ಎದ್ದು ಬಂದು ಅದೇ ಮಾತು ಹೇಳಿದಳು. ಕಾವಳ ರೆಪ್ಪೆ ಬಡಿಯದೆ, ಉಸಿರು ಬಿಗಿಹಿಡಿದು ನಿಂತ. ಕ್ಲಿಕ್. ಒಂದು ಸೆಕೆಂಡು ತುಂಬುವಷ್ಟರಲ್ಲಿ ಅವನ ಕಾಲು, ಮೈ, ಗವಿಯ ಸುತ್ತಲಿನ ಮಂಜು ಎಲ್ಲ ಎಳೆದುಕೊಂಡು ಬಂದು ಕರಿ ಕ್ಯಾಮೆರಾದೊಳಗೆ ಸೇರಿಹೋದವು. ಬೆಟ್ಟದ ಮೇಲೆ ಬಿಸಿಲು ಬಿತ್ತು.

ಮಧ್ಯಾಹ್ನಕ್ಕೆ ದೇವೀರಿ ಮನೆ ಮುಟ್ಟಿದಳು. ಅಪ್ಪನ ಕೈ ಹಿಡಿದು ಕತ್ತಲೆಕೋಣೆಗೆ ಕರೆದೊಯ್ದಳು. ಕತ್ತಲಲ್ಲೇ ಫಿಲ್ಮು ತೊಳೆದು ಒಣಗಿಸಿ, ಆಮೇಲೆ ಕೆಂಪು ದೀಪ ಹಚ್ಚಿ, ಕಾಗದದ ಮೇಲೆ ಅದರ ಬೆಳಕು ಬಿಟ್ಟು, ಕಾಗದವನ್ನು ತಟ್ಟೆಯ ಮದ್ದಿನ ನೀರಿಗೆ ಇಳಿಸಿದಳು. ಮೊದಲು ಏನೂ ಇರಲಿಲ್ಲ. ಆಮೇಲೆ ಕಾಗದದ ಮೇಲೆ ಹುಬ್ಬು ಮೂಡಿತು, ಪಕ್ಕದಲ್ಲಿ ನಿಂತ ಅಪ್ಪನಿಗೂ ಹುಬ್ಬು ಮೂಡಿತು. ಕಣ್ಣು ಮೂಡಿದವು. ಮೂಗು ಮೂಡಿತು. ದೇವೀರಿ ಕೈಕೆಲಸ ಮರೆತು ನೋಡುತ್ತಲೇ ನಿಂತಳು. ಬಾಯಿ ಮೂಡಿದ ಕೂಡಲೇ ಸೂರಪ್ಪ ಹೇಳಿದ ಮೊದಲ ಮಾತು ಇದು:

"ಸಾಕು ತೆಗಿ ಮಗಾ, ಕಪ್ಪಾಗ್ತದೆ."

ಅವಳು ಕಾಗದ ಎತ್ತಿದಳು. ಆಮೇಲೆ ಅಪ್ಪನನ್ನು ತಬ್ಬಿಕೊಂಡು, ಬೆಟ್ಟದ ಮೇಲೆ ತಡೆದಿಟ್ಟ ಅಳುವನ್ನೆಲ್ಲ ಅತ್ತಳು. ಮುಖ ಬಿಟ್ಟುಕೊಟ್ಟ ಕಾವಳ ನೆಗೆಟಿವ್‌ನಲ್ಲೇ ಉಳಿದ. ಅದನ್ನು ಡಬ್ಬಿಗೆ ಹಾಕಿ ಅಮ್ಮಣ್ಣಿ ತನ್ನ ಪೆಟ್ಟಿಗೆಯ ತಳದಲ್ಲಿಟ್ಟಳು. ರೋಲಿನ ಮಿಕ್ಕ ಭಾಗ ಖಾಲಿ ಹೋಯಿತು. ಆ ಯುಗಾದಿಗೆ ಯಾರ ಮನೆಗೂ ಪಟವಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮುಂದಿನ ಯುಗಾದಿಗೆ ದೇವೀರಿಯೇ ರೋಲು ಹಾಕಿದಳು, ಅಳೆದೂ ಸುರಿದೂ ಎಳೆದು. ಗುಂಡಿ ತಿರುಗುವುದನ್ನು ಮೂರು ಸಲ ನೋಡಿದಳು. ಮೂವತ್ತಾರು ಮನೆಯವರೂ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ರೆಪ್ಪೆ ಉರಿದರೂ, ಕಣ್ಣಲ್ಲಿ ನೀರು ಬಂದರೂ, ಆ ವರ್ಷ ಒಬ್ಬರೂ ಕಣ್ಣು ಮುಚ್ಚಲಿಲ್ಲ. ಮೂವತ್ತೇಳನೆಯದು ಉಳಿಯಿತು.

ಕೊಕ್ಕರೆ ಅಂಗಳಕ್ಕೆ ಬಂದು ನಿಂತಿತು. ಕರಿ ಕ್ಯಾಮೆರಾದಲ್ಲಿ, ತಿರುಗಿಸಿ ಬಿಟ್ಟರೆ ಜಿರ್ರೆಂದು ಸದ್ದು ಮಾಡಿ ತಾನೇ ಪಟ ತೆಗೆಯುವ ಒಂದು ಸಣ್ಣ ಕಡ್ಡಿಯಿತ್ತು. ದೇವೀರಿ ಅದನ್ನು ತಿರುಗಿಸಿ, ಓಡಿ ಬಂದು ಅಪ್ಪನ ಪಕ್ಕ ನಿಂತಳು. ಸಾವಿರ ಜನರನ್ನು ನಿಲ್ಲಿಸಿದ ಸೂರಪ್ಪನಿಗೆ ತನ್ನ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಸ್ವಲ್ಪ ಗಲ್ಲ ಕೆಳಗೆ ಅಪ್ಪ," ಎಂದಳು ದೇವೀರಿ. ಸೂರಪ್ಪನಿಗೆ ನಗು ಬಂತು. ಕ್ಲಿಕ್.

ಬಿಂಬಗಿರಿಗೆ ಮತ್ತೆ ಮಂಜು ಬರಲಿಲ್ಲ. ಆಮೆ, ಗರುಡ, ಕೊಕ್ಕರೆ, ರಾಜ, ಪ್ರಜೆ, ಎಲ್ಲರೂ ಅವರವರ ಮುಖ ಹೊತ್ತು ನೆಮ್ಮದಿಯಾಗಿ ಬಾಳಿದರು. ಈಗ ಕೆಟ್ಟ ಪಟವನ್ನು ಅಳಿಸಿ ಇನ್ನೊಂದು, ಮತ್ತೊಂದು ತೆಗೆಯುವ ಕಾಲ. ಆಗ ಹಾಗಿರಲಿಲ್ಲ. ಬಂದದ್ದೇ ಬಂತು. ಅದಕ್ಕೇ ಸೂರಪ್ಪನ ಮನೆಯ ಗೋಡೆಯ ಮೇಲೆ ಆ ಮೂವತ್ತೇಳನೆಯ ಪಟ ಇವತ್ತಿಗೂ ಹಾಗೇ ಇದೆ. ಅದರಲ್ಲಿ ಮಗಳು ಕ್ಯಾಮೆರಾ ನೋಡುತ್ತಿದ್ದಾಳೆ. ಅಪ್ಪ ನಗುತ್ತಾ ಕಣ್ಣು ಮುಚ್ಚಿದ್ದಾನೆ.